ಮುನ್ನೂರು ಕಿಲೋಮೀಟರ್ ಹಾರಲು ಒಂದೂಕಾಲು ಗಂಟೆ ಯಾಕೆ ಬೇಕು?

ಓದುಗರ ಪ್ರಶ್ನೆ: ಒಂದು ಸಣ್ಣ ವಿಮಾನ ನಿಲ್ದಾಣದಿಂದ ಅಷ್ಟೇ ಸಣ್ಣದಾದ ಇನ್ನೊಂದು ನಿಲ್ದಾಣಕ್ಕೆ ಹೋಗಬೇಕಾಗಿದೆ. ದೂರ ಎಷ್ಟೆಂದು ಹುಡುಕಿದರೆ ಒಂದು ಕಡೆ 312, ಇನ್ನೊಂದು ಕಡೆ 318, ಮತ್ತೊಂದು ಕಡೆ 168 ಎಂದಿದೆ. ಹಾರಾಟದ ಸಮಯ ಒಂದು ಜಾಲತಾಣದ ಪ್ರಕಾರ 23 ನಿಮಿಷ, ಇನ್ನೊಂದರ ಪ್ರಕಾರ 53 ನಿಮಿಷ. ವಿಮಾನ ಕಂಪನಿಯ ವೇಳಾಪಟ್ಟಿ ನೋಡಿದರೆ 10.20ಕ್ಕೆ ಹೊರಟು 11.35ಕ್ಕೆ ತಲುಪುತ್ತದೆ. ರೆಕ್ಕೆಯಲ್ಲಿ ಫ್ಯಾನ್ ತಿರುಗುವ ವಿಮಾನವಾದ್ದರಿಂದ ಇಷ್ಟು ನಿಧಾನವೇ? ಅಥವಾ ಸುತ್ತು ಹಾಕಿಕೊಂಡು ಹೋಗುತ್ತಾರೆಯೇ? ನೇರ ವಿಮಾನ ಇರುವುದು ವಾರಕ್ಕೆ ಮೂರೇ ದಿನ. ಉಳಿದ ದಿನ ದೊಡ್ಡ ನಗರಕ್ಕೆ ಹೋಗಿ ವಿಮಾನ ಬದಲಿಸಬೇಕು. ರಸ್ತೆಯಲ್ಲಾದರೆ ಸುಮಾರು 400 ಕಿ.ಮೀ. ನನಗೆ ಅಲ್ಲಿ ಮಧ್ಯಾಹ್ನ 2 ಗಂಟೆಗೆ ಒಂದು ದಾಖಲೆಗೆ ಸಹಿ ಹಾಕಲು ಖುದ್ದಾಗಿ ಹಾಜರಿರಲೇಬೇಕು. ನೇರ ವಿಮಾನ ಇರುವ ದಿನವೇ ಅದು ಬಂದಿದೆ. ಯಾವ ಲೆಕ್ಕ ನಂಬಿ ಹೊರಡಲಿ?

ಉತ್ತರ: ನಿಮಗೆ ಸಿಕ್ಕ ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದೂ ಬೇರೆ ಬೇರೆ ವಿಷಯವನ್ನು ಅಳೆಯುತ್ತದೆ, ಅಷ್ಟೇ. ಆದರೆ 2 ಗಂಟೆಗೆ ತಲುಪುತ್ತೀರೋ ಇಲ್ಲವೋ ಎಂಬ ನಿಮ್ಮ ನಿಜವಾದ ಚಿಂತೆಗೆ ಅವುಗಳಲ್ಲಿ ಒಂದೂ ಉತ್ತರ ಕೊಡುವುದಿಲ್ಲ. ಮೊದಲು ಅಂಕಿಗಳ ಗೊಂದಲ ಬಿಡಿಸೋಣ, ಆಮೇಲೆ ನಿಮ್ಮ ಪ್ರಯಾಣಕ್ಕೆ ಬರೋಣ.

ದೂರದ ವಿಷಯ ಸುಲಭ. 312 ಎಂಬುದು ಎರಡು ನಿಲ್ದಾಣಗಳ ಅಕ್ಷಾಂಶ ರೇಖಾಂಶ ಹಿಡಿದು ಭೂಮಿಯ ಮೇಲ್ಮೈ ಮೇಲೆ ಅಳೆದ ಅತಿ ಹತ್ತಿರದ ದಾರಿ. ಪ್ರತಿ ನಿಲ್ದಾಣಕ್ಕೂ ಒಂದು ಅಧಿಕೃತ ಗುರುತು ಬಿಂದು ಇರುತ್ತದೆ, ಸಾಮಾನ್ಯವಾಗಿ ರನ್‌ವೇ ಮಧ್ಯದ ಆಸುಪಾಸಿನಲ್ಲಿ. ಅಳತೆ ಅಲ್ಲಿಂದ ಅಲ್ಲಿಗೆ. 318 ಎಂದ ಜಾಲತಾಣ ಬಹುಶಃ ಊರಿನ ನಡುವಿನಿಂದ ಊರಿನ ನಡುವಿಗೆ ಅಳೆದಿದೆ. ನಿಲ್ದಾಣಗಳು ಊರಾಚೆ ಇರುವುದರಿಂದ ಆರೇಳು ಕಿಲೋಮೀಟರ್ ಹೆಚ್ಚುಕಡಿಮೆ ಬರುವುದು ಸಹಜ. 168 ಎಂಬುದು ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1,852 ಮೀಟರ್. ಗುಣಿಸಿ ನೋಡಿ, 311 ಚಿಲ್ಲರೆ ಬರುತ್ತದೆ. ವಿಮಾನಯಾನದಲ್ಲಿ ದೂರವನ್ನು ಹೀಗೇ ಅಳೆಯುವುದು. ವೇಗದ ಅಳತೆ ನಾಟ್, ಅಂದರೆ ಗಂಟೆಗೆ ಇಷ್ಟು ನಾಟಿಕಲ್ ಮೈಲಿ. ಇನ್ನೆಲ್ಲಾದರೂ 194 ಎಂದು ಕಂಡರೆ ಅದು ರಸ್ತೆಯ ಮೈಲಿ ಲೆಕ್ಕ, ಗಾಬರಿ ಬೇಡ.

ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಪೂರ್ಣ ಗೋಳವೆಂದು ಹಿಡಿದರೆ ಒಂದು ಉತ್ತರ, ಧ್ರುವಗಳಲ್ಲಿ ಚಪ್ಪಟೆಯಾದ ನಿಜವಾದ ಆಕಾರ ಹಿಡಿದರೆ ಇನ್ನೊಂದು ಉತ್ತರ ಬರುತ್ತದೆ. ವ್ಯತ್ಯಾಸ ಹೆಚ್ಚೆಂದರೆ ಶೇಕಡಾ ಅರ್ಧದಷ್ಟು. ನಿಮ್ಮ ದಾರಿಗೆ ಅದು ಸುಮಾರು ಒಂದೂವರೆ ಕಿಲೋಮೀಟರ್, ಅಷ್ಟೇ. ನಕ್ಷೆಯ ಮೇಲೆ ವಿಮಾನದ ದಾರಿ ಕಮಾನಿನಂತೆ ಬಾಗಿ ಕಾಣುವ ಮಾತು ಖಂಡ ದಾಟುವ ಹಾರಾಟಗಳಿಗೆ ಸರಿ. 300 ಕಿ.ಮೀ. ದಾರಿಯಲ್ಲಿ ಆ ಬಾಗು ಉಳಿಸುವ ದೂರ ಕೆಲವೇ ಮೀಟರ್. ಭೂಮಿ ತಿರುಗುವುದರಿಂದ ಒಂದು ದಿಕ್ಕಿಗೆ ಬೇಗ, ಇನ್ನೊಂದು ದಿಕ್ಕಿಗೆ ತಡ ಎನ್ನುವುದಂತೂ ಸರಿಯಲ್ಲ. ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ, ವಿಮಾನ ಹಾರುವುದು ಆ ಗಾಳಿಯಲ್ಲಿ. ಹೋಗುವಾಗ ಬರುವಾಗ ಸಮಯ ಬೇರೆಯಾದರೆ ಕಾರಣ ಬೀಸುವ ಗಾಳಿ.

ಇನ್ನು ಸಮಯ. 23 ನಿಮಿಷ ಎಲ್ಲಿಂದ ಬಂತೆಂದರೆ, 312 ಕಿಲೋಮೀಟರನ್ನು ಗಂಟೆಗೆ 805 ಕಿ.ಮೀ. ವೇಗದಿಂದ ಭಾಗಿಸಿದ್ದಾರೆ. ಅದು 500 ಮೈಲಿ ವೇಗ, ದೊಡ್ಡ ಜೆಟ್ ಆಕಾಶದ ನಡುವೆ ಹಾರುವ ಅಂದಾಜು ವೇಗ. 53 ನಿಮಿಷ ಎಂದವರು ಅದೇ 23ಕ್ಕೆ ಏರಲು ಇಳಿಯಲು ಎಂದು ಕಣ್ಣುಮುಚ್ಚಿ 30 ನಿಮಿಷ ಸೇರಿಸಿದ್ದಾರೆ. ಇಂಥ ಲೆಕ್ಕಯಂತ್ರಗಳಿಗೆ ಯಾವ ವಿಮಾನ, ಎಂಥ ನಿಲ್ದಾಣ, ಯಾವ ಗಾಳಿ ಎಂಬುದು ಗೊತ್ತಿರುವುದಿಲ್ಲ. ಸಾವಿರಾರು ಕಿಲೋಮೀಟರ್ ಹಾರಾಟಕ್ಕೆ ಅವು ಪರವಾಗಿಲ್ಲ, ಸಣ್ಣ ದಾರಿಗೆ ಕೈಕೊಡುತ್ತವೆ. ಯಾಕೆಂದರೆ ಸಣ್ಣ ದಾರಿಯಲ್ಲಿ ವಿಮಾನ ತನ್ನ ಪೂರ್ತಿ ವೇಗದಲ್ಲಿ ಇರುವುದೇ ಸ್ವಲ್ಪ ಹೊತ್ತು.

ವೇಳಾಪಟ್ಟಿಯ 1 ಗಂಟೆ 15 ನಿಮಿಷಕ್ಕೆ ವಿಮಾನಯಾನದಲ್ಲಿ ಬ್ಲಾಕ್ ಟೈಮ್ ಎನ್ನುತ್ತಾರೆ. ನಿಂತ ಜಾಗದಿಂದ ಚಕ್ರ ಉರುಳಿದ ಕ್ಷಣದಿಂದ, ಇಳಿದು ಮತ್ತೆ ನಿಲ್ಲುವ ಕ್ಷಣದವರೆಗಿನ ಸಮಯ ಅದು. ಒಳಗೆ ಏನೇನಿದೆ ಎಂದು ಬಿಡಿಸಿ ನೋಡೋಣ. ಎಪ್ಪತ್ತು ಆಸನದ ಎಟಿಆರ್ 72 ಮಾದರಿಯ ಟರ್ಬೊಪ್ರಾಪ್, ಅಂದರೆ ನೀವು ಹೇಳಿದ ಫ್ಯಾನಿನ ವಿಮಾನ, ಎಂದು ಹಿಡಿಯುತ್ತೇನೆ. ಇಂಥ ದಾರಿಗಳಲ್ಲಿ ಹೆಚ್ಚಾಗಿ ಓಡುವುದು ಅದೇ. ಗಾಳಿ ಇಲ್ಲದ ದಿನದ ಅಂದಾಜು ಇದು.

ಎಂಜಿನ್ ಚಾಲೂ ಮಾಡಿ, ರನ್‌ವೇ ತುದಿಗೆ ಹೋಗಿ ಟೇಕಾಫ್‌ಗೆ ಸಿದ್ಧವಾಗಲು 10 ನಿಮಿಷ. ಸುಮಾರು 17,000 ಅಡಿಗೆ ಏರಲು 17 ನಿಮಿಷ, ಅಷ್ಟರಲ್ಲಿ 105 ಕಿ.ಮೀ. ಸಾಗಿರುತ್ತದೆ. ಏರುವಾಗ ವೇಗ ಕಡಿಮೆ. ಆಮೇಲೆ ಗಂಟೆಗೆ 500 ಕಿ.ಮೀ. ವೇಗದಲ್ಲಿ ಸಮತಟ್ಟಾಗಿ 125 ಕಿ.ಮೀ., ಅದಕ್ಕೆ 15 ನಿಮಿಷ. ಇಳಿಯುವ ದಾರಿ 85 ಕಿ.ಮೀ., 11 ನಿಮಿಷ. ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕೆಂಬುದು ಪೈಲಟ್‌ಗಳು ಬಾಯಲ್ಲೇ ಹಾಕುವ ಲೆಕ್ಕ, ಹಾಗಾಗಿ ಇಳಿಯಲು ಶುರುಮಾಡುವ ಜಾಗ ನಿಮಗೆ ಅನಿಸುವುದಕ್ಕಿಂತ ಬಹಳ ಮೊದಲೇ ಬರುತ್ತದೆ. ಕೊನೆಯ 20 ಕಿ.ಮೀ. ಚಕ್ರ ಕೆಳಗೆ ಬಿಟ್ಟು, ಫ್ಲಾಪ್ ಎಂಬ ರೆಕ್ಕೆಯ ಹಿಂಬದಿಯ ಪಟ್ಟಿ ಇಳಿಸಿ ನಿಧಾನವಾಗಿ ಬರಲು 5 ನಿಮಿಷ. ಇಳಿದು ಟರ್ಮಿನಲ್ ಮುಂದೆ ನಿಲ್ಲಲು ಇನ್ನೂ 5. ಗಾಳಿಯಲ್ಲಿ ಇದ್ದದ್ದು 48 ನಿಮಿಷ, ನೆಲದ ಮೇಲೆ 15, ಒಟ್ಟು 63. ಉಳಿದ 12 ನಿಮಿಷ ಕಂಪನಿ ಸೇರಿಸಿಕೊಂಡ ಬಿಡುವು. ಅದನ್ನು ಮೋಸ ಎನ್ನಬೇಡಿ. ಒಂದೇ ವಿಮಾನ ದಿನಕ್ಕೆ ಆರೆಂಟು ಬಾರಿ ಏರಿ ಇಳಿಯುತ್ತದೆ, ಬೆಳಗಿನ ಹತ್ತು ನಿಮಿಷದ ತಡವನ್ನು ಆ ಬಿಡುವು ನುಂಗಿಕೊಳ್ಳದಿದ್ದರೆ ಸಂಜೆಗೆ ಅದು ಒಂದು ಗಂಟೆಯಾಗುತ್ತದೆ.

ಮೇಲಿನ ತುಂಡುಗಳನ್ನು ಕೂಡಿದರೆ 335 ಕಿ.ಮೀ. ಆಗುತ್ತದೆ, 312 ಅಲ್ಲ. ಈ 23 ಕಿಲೋಮೀಟರ್ ಹೆಚ್ಚುವರಿಯೇ ನೀವು ಕೇಳಿದ ಸುತ್ತು. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಗಾಳಿಗೆ ಎದುರಾಗಿಯೇ ಇಳಿಯಬೇಕು. ರನ್‌ವೇ ಪೂರ್ವ ಪಶ್ಚಿಮವಾಗಿದ್ದು ನೀವು ಪೂರ್ವದಿಂದ ಬರುತ್ತಿದ್ದೀರಿ ಎಂದುಕೊಳ್ಳಿ. ಆ ದಿನ ಪೂರ್ವದ ಗಾಳಿ ಬೀಸುತ್ತಿದ್ದರೆ ನಿಲ್ದಾಣ ದಾಟಿ ಮುಂದೆ ಹೋಗಿ, ತಿರುಗಿ ಬಂದು ಇಳಿಯಬೇಕು. ಅದೊಂದಕ್ಕೇ ಐದಾರು ನಿಮಿಷ. ಗೊತ್ತುಪಡಿಸಿದ ವಾಯುಮಾರ್ಗ, ಮಿಲಿಟರಿಗೆ ಮೀಸಲಾದ ಆಕಾಶ, ಬೆಟ್ಟಗಳ ಮೇಲಿನ ಕನಿಷ್ಠ ಎತ್ತರ ಇವೂ ದಾರಿಯನ್ನು ಅಷ್ಟಿಷ್ಟು ಉದ್ದ ಮಾಡುತ್ತವೆ.

ಫ್ಯಾನಿನ ವಿಮಾನ ನಿಧಾನ ಎಂಬ ಮಾತು ಅರ್ಧ ಸತ್ಯ. ಜೆಟ್ ಗಂಟೆಗೆ 800 ಕಿ.ಮೀ. ಮೀರಿ ಹಾರಬಲ್ಲದು, ನಿಜ. ಆದರೆ 10,000 ಅಡಿಯ ಕೆಳಗೆ ಸಾಮಾನ್ಯವಾಗಿ ಅದಕ್ಕೂ 250 ನಾಟ್, ಅಂದರೆ 463 ಕಿ.ಮೀ. ಮಿತಿ ಇದೆ. ಇಷ್ಟು ಸಣ್ಣ ದಾರಿಯಲ್ಲಿ ಅದು ಪೂರ್ಣ ಎತ್ತರ ಮುಟ್ಟುವ ಹೊತ್ತಿಗೆ ಇಳಿಯುವ ಹೊತ್ತಾಗಿರುತ್ತದೆ. ಸಮಯದಲ್ಲಿ ಉಳಿತಾಯವಾಗುವುದು ಎಂಟು ಹತ್ತು ನಿಮಿಷ, ಅದಕ್ಕೆ ಸುಡುವ ಇಂಧನ ಬಹಳ ಹೆಚ್ಚು. ಫ್ಯಾನ್ ಎಂದು ನೀವು ಕರೆದ ಪ್ರೊಪೆಲ್ಲರನ್ನು ತಿರುಗಿಸುವುದು ಒಳಗಿರುವ ಗ್ಯಾಸ್ ಟರ್ಬೈನ್, ಜೆಟ್ ಎಂಜಿನ್ನಿನ ಕುಟುಂಬದ್ದೇ. ಹಳೆಯ ಕಾಲದ ವಿಮಾನ ಎಂಬ ಅಳುಕು ಬೇಡ. ಟರ್ಬೊಪ್ರಾಪ್ ಕಡಿಮೆ ಎತ್ತರದಲ್ಲಿ ಹಾರುವುದರಿಂದ ಕುಲುಕಾಟ ಸ್ವಲ್ಪ ಹೆಚ್ಚು, ಅದನ್ನು ಒಪ್ಪಬೇಕು. ಗುಡುಗು ಮೋಡಗಳನ್ನು ಮಾತ್ರ ಯಾವ ವಿಮಾನವೂ ಹಾಯುವುದಿಲ್ಲ. ಉಷ್ಣವಲಯದಲ್ಲಿ ಅವು 50,000 ಅಡಿ ಮೀರಿ ಬೆಳೆಯುವುದುಂಟು, ಜೆಟ್ ಕೂಡ ಪಕ್ಕಕ್ಕೆ ಸರಿದೇ ಹೋಗಬೇಕು. ತೀವ್ರವಾದ ಮೋಡದಿಂದ 20 ನಾಟಿಕಲ್ ಮೈಲಿ, ಅಂದರೆ 37 ಕಿ.ಮೀ. ದೂರ ಇಟ್ಟುಕೊಳ್ಳುವುದು ರೂಢಿ. 312 ಕಿ.ಮೀ. ದಾರಿಯಲ್ಲಿ ಅಂಥ ಒಂದು ಮೋಡ ಅಡ್ಡ ಬಂದರೆ ಎಷ್ಟು ಸುತ್ತಾಗುತ್ತದೆಂದು ನೀವೇ ಊಹಿಸಿ.

ಗಾಳಿ ಎಷ್ಟು ಹೆಚ್ಚುಕಡಿಮೆ ಮಾಡುತ್ತದೆ? ಗಂಟೆಗೆ 60 ಕಿ.ಮೀ. ಎದುರುಗಾಳಿ ಇದ್ದರೆ ನಿಮ್ಮ 48 ನಿಮಿಷ 56 ಆಗುತ್ತದೆ. ಅಷ್ಟೇ ವೇಗದ ಹಿಂಗಾಳಿ ಸಿಕ್ಕರೆ 42. ಕಳೆದುಕೊಂಡದ್ದು 8, ಗಳಿಸಿದ್ದು 6 ಎಂಬುದನ್ನು ಗಮನಿಸಿ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುತ್ತದೆ, ಹಿಂಗಾಳಿಯಲ್ಲಿ ಕಡಿಮೆ ಹೊತ್ತು. ಹಾಗಾಗಿ ಹೋಗಿ ಬರುವ ಪ್ರಯಾಣದಲ್ಲಿ ಗಾಳಿ ಯಾವತ್ತೂ ಒಟ್ಟಾರೆ ನಷ್ಟವೇ. ಆದರೂ ಇಂಥ ದಾರಿಯಲ್ಲಿ ಗಾಳಿಯಿಂದ ಆಗುವ ತಡ ವೇಳಾಪಟ್ಟಿಯ ಬಿಡುವಿನೊಳಗೇ ಮುಗಿಯುತ್ತದೆ. ನಿಮ್ಮ ದಿನ ಕೆಡಿಸುವುದು ಗಾಳಿಯಲ್ಲ, ನಿಲ್ದಾಣಗಳು ಸಣ್ಣವಾಗಿರುವುದು. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ.

ದೊಡ್ಡ ನಿಲ್ದಾಣದಲ್ಲಿ ರನ್‌ವೇಗೆ ಸಮಾನಾಂತರವಾಗಿ ಟ್ಯಾಕ್ಸಿವೇ, ಅಂದರೆ ವಿಮಾನ ಉರುಳಿಕೊಂಡು ಹೋಗುವ ಬೇರೆ ದಾರಿ, ಇರುತ್ತದೆ. ಅನೇಕ ಸಣ್ಣ ನಿಲ್ದಾಣಗಳಲ್ಲಿ ಅದಿಲ್ಲ. ವಿಮಾನ ರನ್‌ವೇ ಮೇಲೆಯೇ ಒಂದು ತುದಿಯವರೆಗೆ ಉರುಳಿಕೊಂಡು ಹೋಗಿ, ಅಲ್ಲಿರುವ ಅಗಲದ ಜಾಗದಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ, ಆಮೇಲೆ ಓಟ ಶುರುಮಾಡಬೇಕು. ಒಂದೂವರೆ ಕಿಲೋಮೀಟರ್ ಉರುಳಲು ಮೂರು ನಿಮಿಷ, ತಿರುಗಲು ಒಂದು. ಅಷ್ಟು ಹೊತ್ತೂ ರನ್‌ವೇ ಬೇರೆ ಯಾರಿಗೂ ಇಲ್ಲ. ಅದೇ ಹೊತ್ತಿಗೆ ಇನ್ನೊಂದು ವಿಮಾನ ಇಳಿಯಲು ಬರುತ್ತಿದ್ದರೆ ಒಬ್ಬರು ಕಾಯಲೇಬೇಕು. ರೇಡಾರ್ ಇಲ್ಲದ ಕಡೆ ನಿಯಂತ್ರಕರು ಪೈಲಟ್ ಹೇಳುವ ಸ್ಥಾನ ಮತ್ತು ಗಡಿಯಾರ ನಂಬಿ ವಿಮಾನಗಳ ನಡುವೆ ದೊಡ್ಡ ಅಂತರ ಇಡುತ್ತಾರೆ. ಆಕಾಶದಲ್ಲಿ ಕಾಯುವುದೆಂದರೆ ಉದ್ದದ ಅಂಡಾಕಾರದಲ್ಲಿ ಸುತ್ತುವುದು. ಒಂದು ಸುತ್ತಿಗೆ 4 ನಿಮಿಷ, ತಿರುವು ಒಂದೊಂದು ನಿಮಿಷ, ನೇರ ಭಾಗ ಒಂದೊಂದು ನಿಮಿಷ. ಕಿಟಕಿಯಲ್ಲಿ ಅದೇ ಕೆರೆ ಎರಡನೇ ಸಲ ಕಂಡರೆ ನೀವು ಸಾಲಿನಲ್ಲಿದ್ದೀರಿ ಎಂದು ತಿಳಿಯಿರಿ.

ಮಂಜು ಮತ್ತು ತಗ್ಗಿನ ಮೋಡ ಇದಕ್ಕಿಂತ ದೊಡ್ಡ ತೊಡಕು. ರೇಡಿಯೊ ಸಂಕೇತದಿಂದ ರನ್‌ವೇಗೆ ದಾರಿ ತೋರುವ ಐಎಲ್‌ಎಸ್ ಎಂಬ ಇಳಿಕೆ ವ್ಯವಸ್ಥೆ ಇರುವ ನಿಲ್ದಾಣದಲ್ಲಿ ಮೊದಲ ದರ್ಜೆಯ ಐಎಲ್‌ಎಸ್‌ನಲ್ಲೇ 550 ಮೀಟರ್ ಗೋಚರತೆಯಲ್ಲಿ, ನೆಲದಿಂದ 200 ಅಡಿ ಎತ್ತರದವರೆಗೆ ಬಂದು ರನ್‌ವೇ ಕಂಡರೆ ಇಳಿಯಬಹುದು. ಆ ವ್ಯವಸ್ಥೆ ಇಲ್ಲದ ಕಡೆ ಗೋಚರತೆ ಸಾಮಾನ್ಯವಾಗಿ ಇದರ ಎರಡು ಮೂರು ಪಟ್ಟು ಬೇಕು. ಅಂದರೆ ಅದೇ ಮಂಜಿನಲ್ಲಿ ದೊಡ್ಡ ನಿಲ್ದಾಣ ಕೆಲಸ ಮಾಡುತ್ತಿರುತ್ತದೆ, ಸಣ್ಣದು ನಿಂತುಹೋಗಿರುತ್ತದೆ. ಇಳಿಯಲು ಆಗದಿದ್ದರೆ ವಿಮಾನ ಬದಲಿ ನಿಲ್ದಾಣಕ್ಕೆ ಹೋಗುತ್ತದೆ. ಅಲ್ಲಿಗೆ ಹೋಗುವಷ್ಟು ಇಂಧನ, ಅದರ ಮೇಲೆ ಕೊನೆಯ ಮೀಸಲಾಗಿ 30 ನಿಮಿಷದ ಇಂಧನ ಟರ್ಬೈನ್ ವಿಮಾನದಲ್ಲಿ ಇದ್ದೇ ಇರುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಇದು ಮಾಮೂಲಿ ಕ್ರಮ, ನಿಮ್ಮ 2 ಗಂಟೆಯ ಕೆಲಸದ ದೃಷ್ಟಿಯಿಂದ ಮಾತ್ರ ಅಲ್ಲಿಗೆ ಮುಗಿಯಿತು.

ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ 600 ಮೀಟರ್ ಎತ್ತರದ ನಿಲ್ದಾಣದಲ್ಲಿ 35 ಡಿಗ್ರಿ ಸೆಲ್ಸಿಯಸ್ ಶಾಖ ಇದ್ದರೆ, ಗಾಳಿ ತೆಳುವಾಗಿ ವಿಮಾನಕ್ಕೆ ಅದು 1,400–1,500 ಮೀಟರ್ ಎತ್ತರದ ನಿಲ್ದಾಣದಂತೆ ಆಗುತ್ತದೆ. ಓಟ ಉದ್ದವಾಗಬೇಕು, ರನ್‌ವೇ ಉದ್ದವಾಗದು, ಆದ್ದರಿಂದ ಭಾರ ಇಳಿಸುತ್ತಾರೆ. ಆ ನಿಲ್ದಾಣದಲ್ಲಿ ಇಂಧನ ಸಿಗದಿದ್ದರೆ ಮರಳುವ ಪ್ರಯಾಣದ ಇಂಧನವನ್ನೂ ಹೊತ್ತು ತರಬೇಕು, ಭಾರ ಮತ್ತಷ್ಟು ಬಿಗಿಯಾಗುತ್ತದೆ. ಆಗ ಕೆಲವು ಆಸನ ಖಾಲಿ ಬಿಡುತ್ತಾರೆ, ಇಲ್ಲವೇ ಕೆಲವರ ಲಗೇಜ್ ಮುಂದಿನ ವಿಮಾನಕ್ಕೆ ಉಳಿಯುತ್ತದೆ. ವಾರಕ್ಕೆ ಮೂರು ದಿನ ಹಾರುವ ದಾರಿಯಲ್ಲಿ ಮುಂದಿನ ವಿಮಾನ ಎಂದರೆ ಎರಡು ದಿನ. ಸಹಿಗೆ ಬೇಕಾದ ಕಾಗದಪತ್ರ, ಗುರುತಿನ ಚೀಟಿ ಕೈಚೀಲದಲ್ಲೇ ಇರಲಿ.

ಈಗ ನಿಮ್ಮ ಪ್ರಯಾಣ. ಮನೆಯ ಬಾಗಿಲಿನಿಂದ ಕೆಲಸದ ಬಾಗಿಲಿನವರೆಗೆ ಲೆಕ್ಕ ಹಾಕಿ. ನಿಮ್ಮ ಪತ್ರದಲ್ಲಿ ಇಲ್ಲದ ಕಡೆ ನನ್ನ ಅಂದಾಜು ಹಾಕಿದ್ದೇನೆ, ನಿಮ್ಮ ಅಂಕಿಗಳಿಂದ ತಿದ್ದಿಕೊಳ್ಳಿ.

ನೇರ ವಿಮಾನ: ನಿಲ್ದಾಣಕ್ಕೆ 40 ನಿಮಿಷ, ಹೊರಡುವ ಮುಂಚೆ 90, ಹಾರಾಟ 75, ಇಳಿದು ಹೊರಬರಲು 20, ಅಲ್ಲಿಂದ 35. ಒಟ್ಟು 4 ಗಂಟೆ 20 ನಿಮಿಷ.

ವಿಮಾನ ಬದಲಿಸಿ: ಮೊದಲ ಹಾರಾಟ 85 ನಿಮಿಷ, ನಡುವೆ 2 ಗಂಟೆ ಕಾಯುವುದು, ಎರಡನೆಯದು 80, ಉಳಿದದ್ದು ಮೇಲಿನಂತೆ. ಒಟ್ಟು 7 ಗಂಟೆ 50 ನಿಮಿಷ.

ರಸ್ತೆ: 400 ಕಿಲೋಮೀಟರಿಗೆ ಸರಾಸರಿ 60ರಂತೆ 6 ಗಂಟೆ 40 ನಿಮಿಷ, ನಿಲ್ಲಲು 40. ಒಟ್ಟು 7 ಗಂಟೆ 20 ನಿಮಿಷ.

ವಿಮಾನ ಬದಲಿಸುವ ದಾರಿ ರಸ್ತೆಗಿಂತ ಅರ್ಧ ಗಂಟೆ ಹೆಚ್ಚೇ ಆಯಿತು. ಅದರಲ್ಲಿ ಕೈತಪ್ಪುವ ಅವಕಾಶವೂ ಎರಡು. ಆ ದಾರಿಯೇ ಅನಿವಾರ್ಯವಾದರೆ ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿರಲಿ. ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದಲ್ಲಿ ಜಾಗ ಕೊಡುವ ಹೊಣೆ ಸಾಮಾನ್ಯವಾಗಿ ಕಂಪನಿಯದು. ಬೇರೆ ಬೇರೆ ಟಿಕೆಟ್ ಕೊಂಡರೆ ಲಗೇಜ್ ಇಳಿಸಿಕೊಂಡು ಮತ್ತೆ ಕೌಂಟರಿಗೆ ಹೋಗಬೇಕು, ತಪ್ಪಿದರೆ ನಷ್ಟ ಪೂರ್ತಿ ನಿಮ್ಮದು. ಹಾಗೆ ಕೊಂಡವರಿಗೆ ಎರಡು ಗಂಟೆಯ ಅಂತರ ಸಾಲದು, ಕನಿಷ್ಠ ಮೂರು ಇಟ್ಟುಕೊಳ್ಳಿ.

ನೇರ ವಿಮಾನ ಹೇಳಿದ ಹೊತ್ತಿಗೆ ಬಂದರೆ 12.30ಕ್ಕೆ ಕೆಲಸದ ಜಾಗದಲ್ಲಿರುತ್ತೀರಿ. ಕೈಯಲ್ಲಿ ಒಂದೂವರೆ ಗಂಟೆ ಉಳಿಯುತ್ತದೆ. ಚೆನ್ನಾಗಿಯೇ ಕಾಣುತ್ತದೆ, ಆದರೆ ಒಂದು ಕೊಂಡಿ ಕಳಚಿದೆ. ರಸ್ತೆಯಲ್ಲಿ ಹೋಗಿ 2 ಗಂಟೆಗೆ ತಲುಪಬೇಕೆಂದರೆ ಬೆಳಿಗ್ಗೆ 6.40ಕ್ಕೆ ಹೊರಟಿರಬೇಕು. 10.20ರ ವಿಮಾನ ತಡ ಎಂಬ ಸುದ್ದಿ ನಿಮಗೆ ಬರುವುದು ಎಂಟಕ್ಕೋ ಒಂಬತ್ತಕ್ಕೋ. ಆ ವಿಮಾನ ಅದಕ್ಕೂ ಮೊದಲು ಒಂದೆರಡು ಊರು ಸುತ್ತಿ ಬರಬೇಕು, ಅಲ್ಲೆಲ್ಲೋ ಮಂಜು ಕವಿದರೆ ನಿಮ್ಮೂರಲ್ಲಿ ಬಿಸಿಲಿದ್ದರೂ ಉಪಯೋಗವಿಲ್ಲ. ತೊಂದರೆ ಗೊತ್ತಾಗುವ ಹೊತ್ತಿಗೆ ಬದಲಿ ದಾರಿ ಮುಚ್ಚಿರುತ್ತದೆ. ವಿಮಾನ ಎರಡು ಗಂಟೆ ತಡವಾದರೆ ನೀವು ತಲುಪುವುದು 2.30ಕ್ಕೆ.

ಹಾಗಾಗಿ ಈ ಕೆಲಸಕ್ಕೆ ನನ್ನ ಸಲಹೆ, ಹಿಂದಿನ ದಿನವೇ ಹೋಗಿ ಅಲ್ಲಿ ಉಳಿಯಿರಿ. ರಸ್ತೆಯಾದರೂ ಸರಿ, ಬದಲಿಸುವ ವಿಮಾನವಾದರೂ ಸರಿ. ಸಂಜೆಗೆ ಬದಲು ರಾತ್ರಿ ತಲುಪಿದರೂ ಕೆಲಸ ಕೆಡುವುದಿಲ್ಲ. ಹಿಂದಿನ ದಿನ ಆಗುವುದೇ ಇಲ್ಲವೆಂದರೆ ಬೆಳಿಗ್ಗೆ ಐದಕ್ಕೆ ರಸ್ತೆ ಹಿಡಿಯಿರಿ, 12.20ಕ್ಕೆ ತಲುಪುತ್ತೀರಿ. ಟೈರ್ ಪಂಕ್ಚರ್ ಆದರೂ ಸುಧಾರಿಸಿಕೊಳ್ಳಬಹುದು. ಆದರೆ ನಸುಕಿನಲ್ಲಿ ಎದ್ದು ಏಳು ಗಂಟೆ ಒಬ್ಬರೇ ಗಾಡಿ ಓಡಿಸಬೇಡಿ. ನಿದ್ದೆಗಣ್ಣಿನ ಅಪಾಯ ಕೆಲಸ ತಪ್ಪುವ ಅಪಾಯಕ್ಕಿಂತ ದೊಡ್ಡದು, ಜೊತೆಗೆ ಇನ್ನೊಬ್ಬ ಚಾಲಕರಿರಲಿ. ನೇರ ವಿಮಾನವನ್ನು ಮರಳಲು ಇಟ್ಟುಕೊಳ್ಳಿ. ಅಲ್ಲಿ ಮೂರು ಗಂಟೆ ಉಳಿತಾಯ ನಿಜವಾಗಿ ಸಿಗುತ್ತದೆ, ತಡವಾದರೂ ನಷ್ಟವಿಲ್ಲ.

ಇಷ್ಟಾದರೂ ಅದೇ ದಿನದ ನೇರ ವಿಮಾನವೇ ಬೇಕೆನ್ನುವಿರಾದರೆ, ಟಿಕೆಟ್ ಕೊಳ್ಳುವ ಮೊದಲು ಅದರ ಹಿಂದಿನ ನಡತೆ ನೋಡಿ. ಫ್ಲೈಟ್‌ರೇಡಾರ್24, ಫ್ಲೈಟ್‌ಅವೇರ್‌ನಂಥ ಜಾಲತಾಣಗಳಲ್ಲಿ ವಿಮಾನದ ಸಂಖ್ಯೆ ಹಾಕಿದರೆ ಇತ್ತೀಚಿನ ಹಾರಾಟಗಳ ಪಟ್ಟಿ ಸಿಗುತ್ತದೆ. ಎಷ್ಟು ಸಿಕ್ಕರೂ ಬರೆದುಕೊಳ್ಳಿ. ಸರಾಸರಿ ತೆಗೆಯಬೇಡಿ, ಅತಿ ಕೆಟ್ಟ ಎರಡನ್ನು ನೋಡಿ. ರದ್ದಾದವು ಎಷ್ಟು ಎಂದೂ ಎಣಿಸಿ. ಅಲ್ಲಿ ಹಾರಾಟದ ಅವಧಿ ಎಂದು ತೋರಿಸುವುದು ಬಹಳ ಸಲ ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗಿನ ಸಮಯ ಮಾತ್ರ. 48 ನಿಮಿಷ ಕಂಡು ವೇಳಾಪಟ್ಟಿಯ 75ರ ಜೊತೆ ಹೋಲಿಸಿ ಗಲಿಬಿಲಿಯಾಗಬೇಡಿ. 15 ನಿಮಿಷದೊಳಗಿನ ತಡವನ್ನು ಈ ಉದ್ಯಮದಲ್ಲಿ ಸಮಯಕ್ಕೆ ಸರಿ ಎಂದೇ ಲೆಕ್ಕ ಹಾಕುತ್ತಾರೆ ಎಂಬುದೂ ನೆನಪಿರಲಿ. ನೋಡುವುದು ನೀವು ಪ್ರಯಾಣ ಮಾಡುವ ಋತುವಿನ ದಾಖಲೆಯೇ ಆಗಿರಲಿ. ವೇಳಾಪಟ್ಟಿಗಳು ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರಗಳಂದು ಬದಲಾಗುತ್ತವೆ. ನಿಮ್ಮ ದಿನಾಂಕ ಅದರಾಚೆ ಬಿದ್ದರೆ ಹೊರಡುವ ಸಮಯ, ವಾರದ ದಿನ ಎರಡನ್ನೂ ಮತ್ತೊಮ್ಮೆ ಖಚಿತ ಮಾಡಿಕೊಳ್ಳಿ.

ಪ್ರಯಾಣದ ಬೆಳಿಗ್ಗೆ ಆರು ಗಂಟೆಗೆ ಒಂದು ಕೆಲಸ ಮಾಡಿ. ನಿಮ್ಮ ವಿಮಾನ ಎಲ್ಲಿಂದ ಬರಬೇಕು ಎಂಬುದನ್ನು ಅದೇ ಜಾಲತಾಣದಲ್ಲಿ ನೋಡಿ, ಆ ಊರಿನ ಮತ್ತು ನೀವು ಇಳಿಯುವ ಊರಿನ ಗೋಚರತೆ ಪರಿಶೀಲಿಸಿ. ನಿಲ್ದಾಣಗಳ ಹವಾಮಾನ ವರದಿ ಸಾಮಾನ್ಯವಾಗಿ ಅರ್ಧ ಗಂಟೆ ಅಥವಾ ಗಂಟೆಗೊಮ್ಮೆ ಬರುತ್ತದೆ, ಮೆಟಾರ್ ಎಂದು ಹುಡುಕಿ. ಎರಡರಲ್ಲಿ ಒಂದು ಕಡೆ ಮಂಜಿದ್ದು ಗೋಚರತೆ ಸಾವಿರ ಮೀಟರಿಗಿಂತ ಕೆಳಗಿದ್ದರೆ ಕಾಯುತ್ತ ಕೂರಬೇಡಿ, 6.40 ದಾಟುವ ಮೊದಲು ಗಾಡಿ ಹೊರಡಲಿ.